ಮಿದುಳಿನ ಅಪ್ಪಣೆಗೆ ಕಾಯದ ಗುಂಡಿಗೆ

ಗರ್ಭದೊಳಗಿನ ಗುಂಡಿಗೆ ಸುಮಾರು 22ನೇ ದಿನಕ್ಕೆ ಮಿಡಿಯತೊಡಗುತ್ತದೆ. ಆಗ ಯಾವ ನರವೂ ಅದನ್ನು ತಲುಪಿರುವುದಿಲ್ಲ. ಕಸಿ ಮಾಡಿದ ಹೃದಯದ ನರಗಳೆಲ್ಲ ತುಂಡಾಗಿರುತ್ತವೆ, ಆದರೂ ಅದು ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತದೆ. ಹೀಗಿರುವಾಗ ಬಡಿತ ಮಿದುಳಿನಿಂದ ಬರುತ್ತದೆ ಎನ್ನಲು ಆಧಾರವೇ ಉಳಿಯುವುದಿಲ್ಲ. ಅದರ ಮೂಲ ಗುಂಡಿಗೆಯಲ್ಲೇ ಇದೆ. ಆ ಜಾಗ ಸಿಕ್ಕ ಕಥೆ ಸೊಗಸಾದದ್ದು. 1906ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹಳ್ಳಿಮನೆಯಲ್ಲಿದ್ದ ಅಂಗರಚನಾ ತಜ್ಞ ಆರ್ಥರ್ ಕೀತ್, ಹೆಂಡತಿಯೊಡನೆ ಸೈಕಲ್ ಸುತ್ತಾಟ ಮುಗಿಸಿ ಬಂದರು. ಅಷ್ಟರಲ್ಲಿ ವೈದ್ಯಕೀಯ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್, ನೆಲದೊಳಗೆ ಬಿಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಬಲ ಮೇಲ್ಕೋಣೆಯಲ್ಲಿ ವಿಚಿತ್ರ ಅಂಗಾಂಶವೊಂದನ್ನು ಕಂಡಿದ್ದ. 1907ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಬಡಿತ ಹುಟ್ಟುವ ಆ ಜಾಗವೇ ಇಂದಿನ ಎಸ್‌ಎ ನೋಡ್. ಜೀವಲೋಕದ ದೊಡ್ಡ ಗುಟ್ಟೊಂದು ಇಷ್ಟು ಚಿಕ್ಕ ಗುಂಡಿಗೆಯಲ್ಲಿ ಸಿಕ್ಕಿದ್ದನ್ನು ಎಷ್ಟು ನೆನೆದರೂ ಸಾಲದು.

ಈ ನೋಡ್‌ನ ಕೋಶಗಳಿಗೆ ನೆಲೆನಿಂತ ವಿಶ್ರಾಂತಿ ಎಂಬುದಿಲ್ಲ. ಒಂದು ಬಡಿತ ಮುಗಿಯುತ್ತಿದ್ದಂತೆ ಸೋಡಿಯಂ ಅಯಾನುಗಳು ಒಳಗೆ ಜಿನುಗುತ್ತವೆ, ವಿದ್ಯುತ್ ಒತ್ತಡ ಮೆಲ್ಲಗೆ ಏರುತ್ತದೆ. ಮಿತಿ ಮುಟ್ಟಿದೊಡನೆ ಕ್ಯಾಲ್ಸಿಯಂ ಬಾಗಿಲು ತೆರೆದು ಮಿಂಚು ಹೃದಯವಿಡೀ ಹರಡುತ್ತದೆ. ಹೆದರಿದರೆ, ಓಡಿದರೆ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಮಿದುಳಿನ ಕೆಲಸವಲ್ಲವೇ ಎಂದು ಕೇಳಬಹುದು. ನರಗಳು ವೇಗವನ್ನು ಬದಲಿಸುತ್ತವೆ ನಿಜ, ಬಡಿತವನ್ನು ಹುಟ್ಟಿಸುವುದಿಲ್ಲ. ನರಗಳ ಹಿಡಿತವಿಲ್ಲದ ಹೃದಯ ನಿಮಿಷಕ್ಕೆ ನೂರರ ಆಸುಪಾಸು ಬಡಿಯುತ್ತದೆ. ಸುಮ್ಮನೆ ಕುಳಿತವರ ನಾಡಿ 70ಕ್ಕೆ ಇಳಿಯುವುದು ಮಿದುಳಿನಿಂದ ಬರುವ ವೇಗಸ್ ನರ ಅದನ್ನು ತಡೆದು ಹಿಡಿದಿರುವುದರಿಂದ.

ತಾನಾಗಿಯೇ ಬಡಿಯುವ ಹೃದಯ ತಪ್ಪುವುದೇಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ವಯಸ್ಸಾದಂತೆ ನೋಡ್ ಸೊರಗಬಹುದು, ಮಿಂಚಿನ ದಾರಿ ಕಟ್ಟಿಕೊಳ್ಳಬಹುದು. ಆಗ ಕೆಳಗಿನ ಕೋಶಗಳು ಹೊಣೆ ಹೊರುತ್ತವೆ, ಆದರೆ ತೀರಾ ಕೆಳಗಿನವು ನಿಮಿಷಕ್ಕೆ 20ರಿಂದ 40ಕ್ಕಿಂತ ಹೆಚ್ಚು ಬಡಿಯಲಾರವು. ಮಿದುಳಿಗೆ ರಕ್ತ ಸಾಲದೆ ಮನುಷ್ಯ ಕುಸಿಯುತ್ತಾನೆ. ರಾಯಚೂರಿನ ಬೇಸಿಗೆಯಲ್ಲಿ, ಚಂದ್ರಬಂಡದಂಥ ಊರಲ್ಲಿ ಹೊಲದಲ್ಲಿ ಬಿದ್ದ ಹಿರಿಯರಿಗೆ ‘ಬಿಸಿಲು ಬಡದೈತಿ’ ಎಂದು ನೀರು ಕುಡಿಸಿ ಮಲಗಿಸುವುದು ಸುಲಭ. ಎಷ್ಟೋ ಸಲ ಅದು ಬಿಸಿಲೇ ಇರುತ್ತದೆ, ಆದರೆ ಪದೇಪದೇ ಬೀಳುವವರದ್ದು ಹಾಗಲ್ಲದಿರಬಹುದು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ದಿನಕ್ಕೆ ಹಲವು ಬಾರಿ ಎಚ್ಚರ ತಪ್ಪುತ್ತಿದ್ದರು. ಜಗತ್ತಿನಲ್ಲೇ ಮೊದಲ ಸಲ ಅವರ ದೇಹದೊಳಗೆ, ವಿದ್ಯುತ್ ಮಿಡಿತ ಕೊಟ್ಟು ಗುಂಡಿಗೆಯನ್ನು ಬಡಿಸುವ ಯಂತ್ರ, ಪೇಸ್‌ಮೇಕರ್ ಇಡಲಾಯಿತು. ಅದು ಕೆಲವೇ ಗಂಟೆ ನಡೆಯಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು ಅವರು 2001ರವರೆಗೆ ಬಾಳಿದರು. ಇಂದು ಆ ಚಿಕಿತ್ಸೆ ಕಲಬುರಗಿಯ ಜಯದೇವ ಆಸ್ಪತ್ರೆಯಲ್ಲೇ ಇದೆ. ಮನೆಯ ಹಿರಿಯರು ಮತ್ತೆ ಮತ್ತೆ ಕಣ್ಣು ಕತ್ತಲೆಗಟ್ಟಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಮುಂಗೈ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಎಣಿಕೆ 40ರ ಹತ್ತಿರ ಅಥವಾ ಅದಕ್ಕೂ ಕೆಳಗೆ ಬಂದರೆ ತಡಮಾಡದೆ, ಸರಿಯಿದೆ ಎನಿಸಿದರೂ ಬೀಳುವುದು ನಿಲ್ಲದಿದ್ದರೆ ತಪ್ಪದೆ, ದೇವದುರ್ಗವೋ ಮಾನ್ವಿಯೋ ರಾಯಚೂರೋ, ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.