ಚಪ್ಪಟೆ ಪಾದಕ್ಕೆ ಶೂ: ಮೆತ್ತಗಿದ್ದರೆ ಸಾಲದು

ಚಪ್ಪಟೆ ಪಾದದವರು ಶೂ ಅಂಗಡಿಗೆ ಹೋಗಿ "ಕಾಲು ನೋಯುತ್ತೆ, ಮೆತ್ತಗಿರೋದು ಕೊಡಿ" ಎಂದರೆ ಮಾರಾಟದ ಹುಡುಗ ಒಂದು ಜೋಡಿ ತಂದು ಒಳಗಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಾನೆ. ಬೆರಳು ಒಳಕ್ಕಿಳಿಯುತ್ತದೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಕಣಕಾಲಿನ ಒಳಬದಿಯ ನೋವು ಮೊದಲಿನ ಹಾಗೇ ಮರಳಿರುತ್ತದೆ. ಆ ಹುಡುಗನನ್ನು ದೂರುವಂತಿಲ್ಲ, ಕೇಳಿದ್ದನ್ನೇ ಕೊಟ್ಟಿದ್ದಾನೆ. ಚಪ್ಪಟೆ ಪಾದಕ್ಕೆ ಮೆತ್ತನೆಯೂ ಬೇಕು, ಆಧಾರವೂ ಬೇಕು. ಇವೆರಡೂ ಶೂವಿನ ಬೇರೆ ಬೇರೆ ಭಾಗಗಳಿಂದ ಬರುತ್ತವೆ; ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದೇ ಇರುತ್ತದೆ ಎಂದೇನಿಲ್ಲ.

ಒಂದೊಂದು ಪಾದದಲ್ಲೂ 26 ಮೂಳೆಗಳು, 33 ಕೀಲುಗಳಿವೆ. ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಒಳಬದಿಯಲ್ಲಿ ಈ ಮೂಳೆಗಳು ಕಮಾನಾಗಿ ಜೋಡಣೆಗೊಂಡಿರುತ್ತವೆ. ಕಮಾನನ್ನು ಕೆಳಗಿನಿಂದ ಬಿಗಿದು ಹಿಡಿಯುವುದು ಅಂಗಾಲಿನುದ್ದಕ್ಕೂ ಹರಡಿದ ಗಟ್ಟಿ ತಂತುಪಟ್ಟಿ. ಮೇಲಿನಿಂದ ಎತ್ತಿ ಹಿಡಿಯುವುದು ಮೀನಖಂಡದ ಆಳದಿಂದ ಇಳಿದು, ಕಣಕಾಲಿನ ಒಳಗಂಟಿನ ಹಿಂದೆ ತಿರುಗಿ ಪಾದದ ನಡುವಿಗೆ ಅಂಟುವ ಒಂದು ಸ್ನಾಯುರಜ್ಜು. ಹೆಜ್ಜೆ ಊರಿದಾಗ ಪಾದ ಸ್ವಲ್ಪ ಒಳಕ್ಕೆ ವಾಲುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದೇ, ನೆಲದ ಪೆಟ್ಟು ಹೀರಿಕೊಳ್ಳಲು ಬೇಕಾದದ್ದೇ. ಆಮೇಲೆ ಹಿಮ್ಮಡಿ ಏಳುತ್ತದೆ, ಬೆರಳುಗಳು ಮಡಿಯುತ್ತವೆ, ಅಂಗಾಲಿನ ಪಟ್ಟಿ ಬಿಗಿಯಾಗಿ ಕಮಾನನ್ನು ಮೇಲೆತ್ತುತ್ತದೆ. ಆಗ ಪಾದ ಗಟ್ಟಿಯಾಗಿ ನೆಲವನ್ನು ಹಿಂದಕ್ಕೆ ಒದೆಯಬಲ್ಲದು.

ಚಪ್ಪಟೆ ಪಾದದಲ್ಲಿ ಒಳವಾಲುವಿಕೆ ಹೆಚ್ಚು, ಇಲ್ಲವೇ ಅದು ಹೆಚ್ಚು ಹೊತ್ತು ಉಳಿಯುತ್ತದೆ. ಪಾದ ಗಟ್ಟಿಯಾಗಬೇಕಾದ ಗಳಿಗೆಯಲ್ಲಿ ಇನ್ನೂ ಸಡಿಲವಾಗಿರುತ್ತದೆ. ಆ ಕೊರತೆಯನ್ನು ತುಂಬಲು ಒಳಗಂಟಿನ ಹಿಂದಿನ ರಜ್ಜು ದಿನವಿಡೀ ಎಳೆದಾಡಬೇಕು. ತರಗತಿಯಲ್ಲಿ ನಿಂತೇ ಪಾಠ ಮಾಡುವ ಶಿಕ್ಷಕಿಗೆ, ವಾರ್ಡಿನ ನರ್ಸಿಗೆ, ಬಸ್ ಕಂಡಕ್ಟರಿಗೆ, ಹೋಟೆಲ್ ಸಪ್ಲೈಯರಿಗೆ ಸಂಜೆಯಾಗುತ್ತಲೇ ಕಣಕಾಲು ಜಗ್ಗುವುದು ಹಲವು ಸಲ ಈ ದಣಿವಿನಿಂದಲೇ.

ಹಾಗೆಂದು ಚಪ್ಪಟೆ ಪಾದವೆಂದರೆ ಕಾಯಿಲೆಯಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಿ, ಹಿಂದಿನಿಂದ ಯಾರಾದರೂ ನೋಡಲಿ. ಕಮಾನು ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಬಳುಕುವ ಚಪ್ಪಟೆ ಪಾದ. ನಮ್ಮಲ್ಲಿ ಹೆಚ್ಚಿನವರದು ಇದೇ. ಎಷ್ಟು ಎದ್ದರೂ ತಳ ಸಮತಟ್ಟಾಗಿಯೇ ಉಳಿದರೆ ಅದು ಬಿಗಿಯಾದದ್ದು, ಮೂಳೆ ವೈದ್ಯರು ನೋಡಬೇಕಾದದ್ದು. ಸೇನೆಗೆ ಸೇರಲು ಹೋಗುವ ಹುಡುಗರ ವೈದ್ಯಕೀಯ ತಪಾಸಣೆಯಲ್ಲೂ ಇದನ್ನೇ ನೋಡುತ್ತಾರೆ: ತುದಿಗಾಲಲ್ಲಿ ಕಮಾನು ಮೂಡಬೇಕು, ಪಾದ ಸರಾಗವಾಗಿ ಆಡಬೇಕು, ನೋವಿರಬಾರದು. ಎರಡನೇ ಮಹಾಯುದ್ಧದ ಹೊತ್ತಿಗೆ ಕೆನಡಾ ಸೈನಿಕರ ಪಾದಗಳನ್ನು ಸಾವಿರಗಟ್ಟಲೆ ಪರೀಕ್ಷಿಸಿದ ಹ್ಯಾರಿಸ್ ಮತ್ತು ಬೀತ್ 1947ರಲ್ಲೇ ಬಳುಕುವ ಚಪ್ಪಟೆ ಪಾದ ತಾನಾಗಿ ಅಂಗವೈಕಲ್ಯವಲ್ಲ ಎಂದು ತೋರಿಸಿದರು. ತೊಂದರೆ ಕೊಡುವುದು ಹೆಚ್ಚಾಗಿ ಮೀನಖಂಡ ಬಿಗಿದುಕೊಂಡಿರುವ ಚಪ್ಪಟೆ ಪಾದ. ನೋವೇ ಇಲ್ಲದವರು ವಿಶೇಷ ಶೂವಿಗಾಗಿ ಹಣ ಸುರಿಯುವುದು ಬೇಡ.

ಮಕ್ಕಳ ವಿಷಯದಲ್ಲಿ ಇದನ್ನು ಇನ್ನಷ್ಟು ಒತ್ತಿ ಹೇಳಬೇಕು. ಎಳೆಯ ಮಕ್ಕಳ ಪಾದಗಳೆಲ್ಲ ಚಪ್ಪಟೆಯೇ. ಕಮಾನು ರೂಪುಗೊಳ್ಳುವುದು ಬೆಳೆಯುತ್ತಾ. ಇದರ ಬಗ್ಗೆ ಜಗತ್ತು ಇಂದಿಗೂ ಉಲ್ಲೇಖಿಸುವ ಅಧ್ಯಯನವೊಂದು ನಮ್ಮ ಮಣಿಪಾಲದಿಂದಲೇ ಬಂದಿದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲಲ್ಲಿ ಓಡಾಡುವವರಲ್ಲಿ ಶೇ. 2.8. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ ಮತ್ತು ಸ್ಯಾಂಡಲ್‌ನವರಲ್ಲಿ ಅದಕ್ಕಿಂತ ಕಡಿಮೆ. ದೊಡ್ಡವರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ, 6 ವರ್ಷಕ್ಕೆ ಮೊದಲೇ ಶೂ ಹಾಕಲು ಶುರುಮಾಡಿದವರಲ್ಲಿ ಚಪ್ಪಟೆ ಪಾದ ಹೆಚ್ಚು ಕಂಡಿತು. ಅಮೆರಿಕದ ಡಲ್ಲಾಸ್‌ನಲ್ಲಿ ಮಕ್ಕಳಿಗೆ ಮೂರು ವರ್ಷ "ತಿದ್ದುವ ಶೂ" ಹಾಕಿಸಿ ನೋಡಿದ ಪ್ರಯೋಗದ ಫಲಿತಾಂಶ 1989ರಲ್ಲಿ ಬಂತು. ಶೂ ಹಾಕಿದವರ ಕಮಾನು ಎಷ್ಟು ಸುಧಾರಿಸಿತೋ ಹಾಕದವರದೂ ಅಷ್ಟೇ ಸುಧಾರಿಸಿತ್ತು. ನೋವಿಲ್ಲದೆ ಆಡಿಕೊಂಡಿರುವ ಮಗುವಿಗೆ ದುಬಾರಿ ಮೆಡಿಕೇಟೆಡ್ ಶೂ ತೊಡಿಸುವ ತಂದೆತಾಯಿ ಆ ದುಡ್ಡು ಉಳಿಸಿ, ಮಗುವನ್ನು ಅಂಗಳದಲ್ಲಿ ಬರಿಗಾಲಲ್ಲಿ ಬಿಡಲಿ.

ಇನ್ನು ನೋವಿರುವ ದೊಡ್ಡವರ ಮಾತು. ಒದ್ದೆ ಕಾಲಿನ ಅಚ್ಚು ನೋಡಿ, ಅದಕ್ಕೆ ಹೊಂದುವ ಬಗೆಯ ಶೂ ಆರಿಸುವ ಪದ್ಧತಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ದಳಗಳ ತರಬೇತಿ ಶಿಬಿರಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಅಚ್ಚಿಗೆ ತಕ್ಕ ಶೂ ಪಡೆದವರಿಗೂ ಎಲ್ಲರಿಗೂ ಒಂದೇ ಬಗೆಯ ಶೂ ಪಡೆದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಂತ ಪಾದದ ಚಿತ್ರ ಚಲಿಸುವ ಪಾದದ ಕತೆ ಹೇಳುವುದಿಲ್ಲ. ಆದರೆ ಲಕ್ಸೆಂಬರ್ಗ್‌ನಲ್ಲಿ ಹವ್ಯಾಸಿ ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಳವಾಲುವ ಪಾದದವರಿಗೆ ವಾಲಿಕೆ ತಡೆಯುವ ಶೂವಿನಿಂದ ಗಾಯ ಕಡಿಮೆಯಾದದ್ದು ಕಂಡಿದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ದಶಕಗಳ ಸಂಶೋಧನೆಯ ಬಳಿಕ, ಆಯ್ಕೆಯಲ್ಲಿ ಹಾಕಿಕೊಂಡವರಿಗೆ ಆಗುವ ಹಿತಕ್ಕೇ ಮೊದಲ ಮನ್ನಣೆ ಎನ್ನುತ್ತಾರೆ. ಇವೆಲ್ಲವನ್ನೂ ಸೇರಿಸಿ ನೋಡಿದರೆ ನನಗೆ ಸರಿ ಕಾಣುವ ಕ್ರಮ ಇದು: ಆಧಾರವಿರುವ ಕೆಲವು ಶೂಗಳನ್ನು ಕೈಯಿಂದ ಪರೀಕ್ಷಿಸಿ ಬೇರ್ಪಡಿಸಿ, ಅವುಗಳಲ್ಲಿ ಯಾವುದು ಹಿತವೆನ್ನುವುದನ್ನು ಕಾಲಿಗೆ ಬಿಡುವುದು.

ಕೈಯ ಪರೀಕ್ಷೆ ಹಿಮ್ಮಡಿಯಿಂದ ಶುರುವಾಗಲಿ. ಶೂವಿನ ಹಿಂಭಾಗದಲ್ಲಿ ಹಿಮ್ಮಡಿಯನ್ನು ಬಟ್ಟಲಿನಂತೆ ಹಿಡಿಯುವ ಗಟ್ಟಿ ಗೋಡೆ ಇರುತ್ತದೆ, ಹೀಲ್ ಕೌಂಟರ್ ಎನ್ನುತ್ತಾರೆ. ಎರಡೂ ಬದಿಯಿಂದ ಹಿಸುಕಿ. ಸುಲಭವಾಗಿ ಮಡಚಿಕೊಂಡರೆ ಆ ಶೂ ಕೆಳಗಿಡಿ. ಆಮೇಲೆ ಹಿಮ್ಮಡಿಯನ್ನು ಒಂದು ಕೈಯಲ್ಲಿ, ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ರೀತಿ ತಿರುಚಿ. ಸ್ವಲ್ಪ ತಿರುಗಿ ತಡೆದರೆ ಒಳ್ಳೆಯದು. ಪೂರ್ತಿ ತಿರುಚಿಕೊಂಡರೆ ಪಾದದ ನಡುಭಾಗವನ್ನು ಅದು ಹಿಡಿಯಲಾರದು. ಮೂರನೆಯದು ಮಡಚುವುದು. ತುದಿಯನ್ನು ಮೇಲಕ್ಕೆ ಒತ್ತಿದಾಗ ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಬೇಕು. ನಡುಮಧ್ಯಕ್ಕೆ ಮಡಚಿಕೊಳ್ಳುವ ಶೂ ಚಪ್ಪಟೆ ಪಾದಕ್ಕೆ ಬೇಡವೇ ಬೇಡ, ಎಷ್ಟೇ ಚಂದವಿರಲಿ. ಕೊನೆಗೆ ಅಟ್ಟೆಯನ್ನು ತಿರುಗಿಸಿ ನೋಡಿ. ನಡುವೆ ಸೊಂಟದಂತೆ ಕಿರಿದಾಗಿದ್ದರೆ ಕಮಾನಿನ ಕೆಳಗೆ ಆಸರೆಯೇ ಇಲ್ಲವೆಂದರ್ಥ. ಒಳಬದಿಯ ಅಂಚು ಹೆಚ್ಚುಕಡಿಮೆ ನೇರವಾಗಿದ್ದು ತಳ ಅಗಲವಾಗಿರುವುದನ್ನು ಹುಡುಕಿ.

ಮೆತ್ತನೆಯ ಪ್ರಶ್ನೆ ಬರುವುದು ಇದಾದ ಮೇಲೆ. ಹೆಬ್ಬೆರಳಿಗೆ ಸಿಕ್ಕುವ ಒಳಮೆತ್ತೆ ಕೆಲವೇ ಮಿಲಿಮೀಟರ್ ದಪ್ಪದ್ದು. ಅದರ ಗುಣ ನೋಡಿ ಶೂ ಅಳೆಯಲಾಗದು. ನಿಜವಾದ ಕೆಲಸ ಅದರ ಕೆಳಗಿನ ಮಿಡ್‌ಸೋಲ್‌ನದು. ಅಲ್ಲಿರುವುದು ಸಾಮಾನ್ಯವಾಗಿ ಇವಿಎ ಎಂಬ ನೊರೆರಬ್ಬರಿನಂಥ ವಸ್ತು. ಅದು ಎರಡೂ ಬದಿಯಲ್ಲಿ ಒಂದೇ ಸಮನೆ ಮೆತ್ತಗಿದ್ದರೆ, ಒಳಕ್ಕೆ ವಾಲುವ ಪಾದ ಒಳಬದಿಯನ್ನೇ ಹೆಚ್ಚು ಅದುಮುತ್ತದೆ, ಅಲ್ಲಿ ತಳ ಕುಸಿಯುತ್ತದೆ, ವಾಲಿಕೆ ಇನ್ನೂ ಹೆಚ್ಚುತ್ತದೆ. ಮೆತ್ತನೆಯ ಶೂ ಹಾಕಿಯೂ ನೋವು ಉಳಿಯುವ ಗುಟ್ಟು ಇಲ್ಲಿದೆ. ಇದನ್ನು ತಡೆಯಲು ಸ್ಟೆಬಿಲಿಟಿ ಶೂಗಳಲ್ಲಿ ಬೇರೆ ಬೇರೆ ಉಪಾಯಗಳಿವೆ. ಹಳೆಯದು, ಒಳಬದಿಯಲ್ಲಿ ಗಟ್ಟಿ ಫೋಮಿನ ಬೆಣೆ ಕೂರಿಸುವುದು. 1993ರಿಂದ ಬರುತ್ತಿರುವ ಎಸಿಕ್ಸ್ ಜೆಲ್-ಕಯಾನೊ ಬಹುಕಾಲ ಇದೇ ದಾರಿಯಲ್ಲಿತ್ತು. 2023ರ 30ನೇ ಆವೃತ್ತಿಯಲ್ಲಿ ಗಟ್ಟಿ ಬೆಣೆಯನ್ನು ಬಿಟ್ಟು, ತಳ ಅಗಲಿಸಿ, ಕಮಾನಿನ ಕೆಳಗೆ ಪುಟಿಯುವ ಫೋಮ್ ಇಟ್ಟರು. ಬ್ರೂಕ್ಸ್ ಅಡ್ರಿನಲಿನ್ ಜಿಟಿಎಸ್‌ನಲ್ಲಿ ಹಿಮ್ಮಡಿಯ ಎರಡೂ ಬದಿಗೆ ಕಂಬಿಯಂಥ ಏಣುಗಳಿದ್ದು, ಪಾದ ಮಿತಿ ಮೀರಿ ಹೊರಳಿದಾಗಷ್ಟೇ ತಡೆಯುತ್ತವೆ. ನಡೆದಾಡಲು, ನಿಂತು ಕೆಲಸ ಮಾಡಲು ಗಟ್ಟಿ ಬೆಣೆಗಿಂತ ಅಗಲ ತಳದ ಹೊಸ ಬಗೆಯೇ ಹೆಚ್ಚು ಜನರಿಗೆ ಹಿತ ಎಂಬುದು ನನ್ನ ಅಭಿಪ್ರಾಯ. ಎತ್ತರದ ದಪ್ಪ ತಳ ಇದ್ದರೂ ಅಡ್ಡಿಯಿಲ್ಲ, ಅದರ ಅಗಲವೂ ಅಷ್ಟೇ ಇರಬೇಕು. ಕಿರಿದಾದ ತಳದ ಮೇಲೆ ಎತ್ತರಿಸಿದ ಮೆತ್ತನೆಯ ರೇಸಿಂಗ್ ಶೂಗಳು ಬೇಡ.

ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಡ್ರಾಪ್ ಎನ್ನುತ್ತಾರೆ. ಮೀನಖಂಡ ಬಿಗಿಯಾಗಿರುವವರಿಗೆ 8ರಿಂದ 12 ಮಿಲಿಮೀಟರ್ ಡ್ರಾಪ್ ಆರಾಮ ಕೊಡುತ್ತದೆ. ಜೊತೆಗೆ ಗೋಡೆಗೆ ಕೈಯೊತ್ತಿ ಮೀನಖಂಡ ಎಳೆಯುವ ವ್ಯಾಯಾಮ, ತುದಿಗಾಲಲ್ಲಿ ಎದ್ದಿಳಿಯುವ ವ್ಯಾಯಾಮ ದಿನವೂ ನಡೆಯಲಿ. ಶೂ ಹೊರಗಿನಿಂದ ಕೊಡುವ ಆಸರೆಯನ್ನು ಇವು ಒಳಗಿನಿಂದ ಕೊಡುತ್ತವೆ.

ಅಳತೆಯ ವಿಷಯದಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಕಮಾನು ಇಳಿದ ಪಾದ ಭಾರ ಬಿದ್ದಾಗ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಅದರ ಮೇಲೆ, ಇಲ್ಲಿ ಸಿಗುವ ಶೂಗಳು ಹೆಚ್ಚಾಗಿ ಹೊರದೇಶದ ಪಾದಗಳ ಅಚ್ಚಿನವು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರದ್ದಕ್ಕಿಂತ ಅಗಲ ಎಂಬುದು ಕಂಡಿತು. ದೇಶದ್ದೇ ಆದ "ಭಾ" ಎಂಬ ಅಳತೆ ಪದ್ಧತಿಯ ಪ್ರಸ್ತಾವ ಬಂದದ್ದು ಅದರಿಂದ. ಅಗಲ ಸಾಲದೆಂದು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಶೂ ಬಾಗುವ ಜಾಗವೂ ಕಮಾನಿನ ಆಸರೆಯೂ ಮುಂದಕ್ಕೆ ಸರಿದು ತಪ್ಪು ಜಾಗದಲ್ಲಿ ಕೂರುತ್ತವೆ. ಅದರ ಬದಲು 2ಇ, 4ಇ ಎಂದು ಗುರುತು ಹಾಕಿದ ಅಗಲದ ಶೂಗಳನ್ನು ಕೇಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಿನವೂ ಹಾಕುವ ಕಾಲುಚೀಲವೇ ಇರಲಿ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಬೇಕು. ಬೆರಳುಗಳು ಅರಳಬೇಕು, ಹಿಮ್ಮಡಿ ಮಾತ್ರ ಜಾರಬಾರದು. ಕಾರ್ಪೆಟ್ ಬಿಟ್ಟು ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ನಡೆಯಿರಿ. ಕಮಾನಿನ ಕೆಳಗೆ ಗಂಟೊಂದು ಒತ್ತಿದಂತೆ ಅನಿಸಿದರೆ, "ಹಾಕ್ತಾ ಹಾಕ್ತಾ ಸರಿ ಹೋಗುತ್ತೆ" ಎಂಬ ಭರವಸೆಯನ್ನು ನಂಬಬೇಡಿ.

ಒಳ್ಳೆಯ ಸ್ಟೆಬಿಲಿಟಿ ಶೂ ದುಬಾರಿ, ಎಲ್ಲರ ಕೈಗೂ ಎಟಕುವುದಿಲ್ಲ. ಕೈಯ ಪರೀಕ್ಷೆಗಳಲ್ಲಿ ಗೆದ್ದ ಸಾಧಾರಣ ಬೆಲೆಯ ಶೂ ಕೊಂಡು, ಅದರ ಒಳಮೆತ್ತೆ ತೆಗೆದು, ಅರೆಗಟ್ಟಿಯಾದ ಆರ್ಚ್ ಸಪೋರ್ಟ್ ಇನ್ಸೋಲ್ ಹಾಕಿದರೆ ಬಹಳ ಮಂದಿಗೆ ಸಾಕು. ಹಾಗಾಗಿ ಒಳಮೆತ್ತೆ ಅಂಟಿಸಿದ್ದೋ ಬಿಡಿಯೋ ಎಂದು ಮೊದಲೇ ನೋಡಿಕೊಳ್ಳಿ. ಶುರುವಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಹಾಕಿ, ನಿಧಾನವಾಗಿ ಹೆಚ್ಚಿಸಿ. ನಾವು ಶೂ ಬಾಗಿಲಲ್ಲೇ ಬಿಟ್ಟು ಒಳಬರುವ ಜನ. ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವ ಹೆಂಗಸರ ಕಾಲಿಗೆ ಹೊರಗಿನ ಶೂ ಏನೂ ಮಾಡಲಾರದು. ನೋವಿದ್ದರೆ, ಕಮಾನಿಗೆ ಆಸರೆಯಿರುವ ಒಂದು ಜೋಡಿ ಚಪ್ಪಲಿ ಮನೆಯೊಳಗಿಗೇ ಮೀಸಲಿಡಬೇಕು. ಇದನ್ನು ದುಂದು ಎಂದುಕೊಳ್ಳಬೇಡಿ.

ಶೂವಿಗೂ ಆಯಸ್ಸಿದೆ. ಮೇಲ್ಭಾಗ ಹೊಸದರಂತೆ ಕಂಡರೂ 500ರಿಂದ 800 ಕಿಲೋಮೀಟರ್ ನಡೆಯುವಷ್ಟರಲ್ಲಿ ಮಿಡ್‌ಸೋಲ್ ಸೋಲುತ್ತದೆ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ಹೊರ ಅಂಚು ಸವೆಯುವುದು ಸಹಜ. ಶೂ ಪೂರ್ತಿಯಾಗಿ ಒಳಕ್ಕೆ ಒರಗಿ ನಿಂತಿದ್ದರೆ ಬದಲಿಸಬೇಕು. ಕರಾವಳಿ, ಮಲೆನಾಡಿನವರು ಇನ್ನೊಂದು ತಿಳಿದಿರಲಿ: ಪಾಲಿಯುರೆಥೇನ್ ತಳದ ಶೂಗಳನ್ನು ಹಾಕದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಗಾಳಿಯ ತೇವಕ್ಕೇ ತಳ ಪುಡಿಪುಡಿಯಾಗುತ್ತದೆ. ವಿಶೇಷ ದಿನಕ್ಕೆಂದು ಕೂಡಿಡದೆ ಹಾಕಿಬಿಡಿ.

ಕೆಲವು ಲಕ್ಷಣಗಳಿಗೆ ಶೂ ಮದ್ದಲ್ಲ. ನಡುವಯಸ್ಸಿನಲ್ಲಿ ಒಂದೇ ಪಾದ ಹೊಸದಾಗಿ ಚಪ್ಪಟೆಯಾಗುತ್ತಾ ಬಂದು, ಒಳಗಂಟಿನ ಹಿಂದೆ ಊದಿಕೊಂಡು, ಆ ಒಂಟಿ ಕಾಲಿನ ತುದಿಯ ಮೇಲೆ ಏಳಲಾಗದಿದ್ದರೆ, ಕಮಾನು ಎತ್ತಿ ಹಿಡಿಯುವ ರಜ್ಜು ಸೋಲುತ್ತಿರಬಹುದು. ಬೇಗ ಮೂಳೆ ವೈದ್ಯರನ್ನು ಕಂಡರೆ ಬ್ರೇಸ್, ಇನ್ಸೋಲ್, ವ್ಯಾಯಾಮದಲ್ಲೇ ಗುಣ ಕಾಣುವ ಅವಕಾಶ ಹೆಚ್ಚು. ಸಕ್ಕರೆ ಕಾಯಿಲೆಯವರ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ನೋವು ಅಷ್ಟಾಗಿ ಇಲ್ಲದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು, ವೈದ್ಯರು ನೋಡುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬಾರದು.