ಆಯಸ್ಕಾಂತದ ದಿಕ್ಕು, ಎಲೆಕ್ಟ್ರಾನಿನ ಆಕಾರ

ನಮ್ಮ ದಬ್ಬೇಘಟ್ಟದ ನೆರೆಯ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಕಬ್ಬಿಣವೇ ಆಯಸ್ಕಾಂತದ ಮೂಲವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಬರಿಯ ಕಬ್ಬಿಣದಿಂದ ಒಳ್ಳೆಯ ಶಾಶ್ವತ ಆಯಸ್ಕಾಂತವಾಗದು. ಅದರ ಪ್ರತಿಯೊಂದು ಪರಮಾಣುವೂ ಒಂದು ಕಿರು ಆಯಸ್ಕಾಂತವೇ ಸರಿ. ಅವೆಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತರೆ ಮಾತ್ರ ಲೋಹಕ್ಕೆ ಆಕರ್ಷಣ ಶಕ್ತಿ. ಹೊರಗಿನ ಕಾಂತಕ್ಷೇತ್ರವಾಗಲಿ ಉಷ್ಣವಾಗಲಿ ಅವುಗಳನ್ನು ಕದಲಿಸದಂತೆ ಕಾಯುವುದು, ಸ್ಫಟಿಕದೊಳಗೆ ಒಂದು ನಿರ್ದಿಷ್ಟ ದಿಕ್ಕಿನ ಮೇಲಿರುವ ಒಲವು. ವಿಜ್ಞಾನಿಗಳು ಇದಕ್ಕೆ ಕಾಂತೀಯ ಅಸಮದಿಕ್ತ್ವವೆನ್ನುತ್ತಾರೆ. ಪದ ಕಠಿಣ, 'ದಿಕ್ಕಿನ ಒಲವು' ಎಂದರೆ ನಮಗೆ ಸಾಕು.

ಹರಳುಗಳ ಈ ಗುಣವನ್ನು ನಿಷ್ಕೃಷ್ಟವಾಗಿ ಅಳೆದವರಲ್ಲಿ ನಮ್ಮ ದೇಶದ ಕೆ. ಎಸ್. ಕೃಷ್ಣನ್ ಅಗ್ರಗಣ್ಯರು. ಸಿ. ವಿ. ರಾಮನ್ನರ ಸಹೋದ್ಯೋಗಿಯಾಗಿದ್ದ ಅವರು 1930ರ ದಶಕದಲ್ಲಿ ಢಾಕಾ, ಕಲ್ಕತ್ತೆಗಳಲ್ಲಿ ಸಣ್ಣ ಹರಳೊಂದನ್ನು ನವುರಾದ ಎಳೆಯಿಂದ ಕಾಂತಕ್ಷೇತ್ರದಲ್ಲಿ ತೂಗುಬಿಟ್ಟು, ಅದು ಎಷ್ಟು ತಿರುಚಿಕೊಳ್ಳುವುದೆಂಬುದನ್ನು ಅಳೆದರು. ಉಪಕರಣ ಸರಳ, ಫಲ ದೊಡ್ಡದು.

ಈ ಒಲವು ಅತ್ಯಧಿಕವಾಗಿರುವುದು ವಿರಳ ಭಸ್ಮ ಧಾತುಗಳಲ್ಲಿ. (ಹೆಸರಿಗಷ್ಟೇ ವಿರಳ; ಅವುಗಳಲ್ಲೊಂದಾದ ಸೀರಿಯಮ್ ಭೂಮಿಯಲ್ಲಿ ಹೆಚ್ಚು ಕಡಿಮೆ ತಾಮ್ರದಷ್ಟೇ ಇದೆ.) ಇವುಗಳ ಕಾಂತತ್ವಕ್ಕೆ ಕಾರಣವಾದ ಎಲೆಕ್ಟ್ರಾನುಗಳು ಪರಮಾಣುವಿನ ಒಳಕವಚದಲ್ಲಿ ಅಡಗಿವೆ. ಅವು ರೂಪಿಸುವ ಮೋಡಕ್ಕೆ ಒಂದು ಆಕಾರವುಂಟು. ಗ್ಯಾಡೊಲಿನಿಯಮ್ಮಿನಲ್ಲಿ ಏಳು ಸ್ಥಾನಗಳಿಗೆ ಏಳು ಎಲೆಕ್ಟ್ರಾನುಗಳು ಸಮನಾಗಿ ಹಂಚಿಕೊಂಡಿರುವುದರಿಂದ ಮೋಡವು ನಮ್ಮ ಉಂಡೆ ಕೊಬ್ಬರಿಯಂತೆ ದುಂಡಗೆ. ಎರ್ಬಿಯಮ್ಮಿನಲ್ಲಿ ಅದು ಸುಲಿಯದ ತೆಂಗಿನಕಾಯಿಯಂತೆ ನೀಳ. ನಿಯೋಡೈಮಿಯಮ್, ಡಿಸ್ಪ್ರೋಸಿಯಮ್ಮುಗಳಲ್ಲಿ ಚಪ್ಪಟೆ. ಉಂಡೆ ಕೊಬ್ಬರಿಯನ್ನು ಕಿರುಗಾಲುವೆಯಲ್ಲಿಟ್ಟರೆ ಹೇಗೆ ಬೇಕಾದರೂ ಹೊರಳುತ್ತದೆ; ನೀಳವಾದ ಕಾಯಿಯಾದರೋ ಕಾಲುವೆಯ ಉದ್ದಕ್ಕೇ ಮಲಗುತ್ತದೆ. ಸುತ್ತಲಿನ ಪರಮಾಣುಗಳ ವಿದ್ಯುತ್ ಕ್ಷೇತ್ರವೇ ಇಲ್ಲಿ ಕಾಲುವೆ. ಮೋಡಕ್ಕೂ ಕಾಂತದ ದಿಕ್ಕಿಗೂ ಬಿಗಿಯಾದ ಬಂಧವಿರುವುದರಿಂದ, ಮೋಡ ಹೊರಳದಿದ್ದರೆ ಕಾಂತವೂ ಹೊರಳದು.

1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಕಂಡುಕೊಂಡ ಆಯಸ್ಕಾಂತದಲ್ಲಿ 2 ನಿಯೋಡೈಮಿಯಮ್, 14 ಕಬ್ಬಿಣ, 1 ಬೋರಾನ್ ಪರಮಾಣುಗಳ ಕೂಟವಿದೆ. ಬಲ ಬಹುಪಾಲು ಕಬ್ಬಿಣದ್ದು, ಹಟ ನಿಯೋಡೈಮಿಯಮ್ಮಿನದು.

ಗಟ್ಟಿ ಲೋಹದಲ್ಲಿ ಹೀಗೆ ಬಲವರ್ಧಕವಾದ ಈ ಒಲವು, ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಯಲ್ಲಿ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ. ದಿಕ್ಕಿನ ಒಲವೇ ಇಲ್ಲದ ಹಾಳೆಯಲ್ಲಿ ಅತ್ಯಲ್ಪ ಉಷ್ಣವೂ ಕಾಂತವ್ಯವಸ್ಥೆಯನ್ನು ಕೆಡಿಸುತ್ತದೆಂದು 1966ರಲ್ಲಿ ಮರ್ಮಿನ್ ಮತ್ತು ವ್ಯಾಗ್ನರ್ ಗಣಿತದಿಂದ ಸಾಧಿಸಿದರು. ಒಲವಿದ್ದರೆ ಹಾಳೆಯೂ ಆಯಸ್ಕಾಂತವಾದೀತೆಂಬುದಕ್ಕೆ 2017ರಲ್ಲಿ ಕ್ರೋಮಿಯಮ್ ಅಯೊಡೈಡಿನ ಒಂಟಿ ಪದರ ಸಾಕ್ಷ್ಯವಿತ್ತಿತು. ಆದರೆ ಸುಮಾರು 45 ಕೆಲ್ವಿನ್‌ನಷ್ಟು ಕಡುಚಳಿಯಲ್ಲಿ ಮಾತ್ರ.

ವಿರಳ ಭಸ್ಮಗಳ ಟೆಲ್ಯುರೈಡುಗಳು ಪದರ ಪದರವಾಗಿ ಬಿಡಿಸಬಹುದಾದ ವಸ್ತುಗಳು. ಅಲ್ಲಿ ಕೆಲಸ ಎರಡಾಗಿ ಹಂಚಿಹೋಗಿದೆ: ಟೆಲ್ಯುರಿಯಮ್ ಹಾಳೆಗಳಲ್ಲಿ ಎಲೆಕ್ಟ್ರಾನುಗಳು ಹರಿದು ವಿದ್ಯುತ್ತನ್ನು ಒಯ್ಯುತ್ತವೆ, ವಿರಳ ಭಸ್ಮದ ಪರಮಾಣುಗಳು ಸ್ಥಳದಲ್ಲೇ ನಿಂತು ಕಾಂತತ್ವವನ್ನು ಹೊರುತ್ತವೆ. ಹರಿಯುವ ಎಲೆಕ್ಟ್ರಾನುಗಳೇ ಒಂದು ಪರಮಾಣುವಿನ ದಿಕ್ಕನ್ನು ಇನ್ನೊಂದಕ್ಕೆ ತಿಳಿಸುವ ದೂತರು. ಗ್ಯಾಡೊಲಿನಿಯಮ್ಮಿನ ಜಾಗದಲ್ಲಿ ಡಿಸ್ಪ್ರೋಸಿಯಮ್ಮನ್ನಿಟ್ಟರೆ ಹಾಳೆಯ ರಚನೆ ಬಹುಮಟ್ಟಿಗೆ ಹಾಗೆಯೇ ಉಳಿದು, ಮೋಡದ ಆಕಾರ ಮಾತ್ರ ಬದಲಾಗುತ್ತದೆ. ಒಲವಿನ ಪಾತ್ರವನ್ನು ಪ್ರತ್ಯೇಕಿಸಿ ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದ ಸಂಸಾರ ಅಪರೂಪ.

ಇದು ಪ್ರಯೋಗಶಾಲೆಯ ಕುತೂಹಲವಷ್ಟೇ ಅಲ್ಲ. ತೋಟದ ಸಾಮಾನ್ಯ ಪಂಪ್‌ಸೆಟ್ಟಿಗೆ ಇಂಥ ಆಯಸ್ಕಾಂತ ಬೇಡ. ವಿದ್ಯುತ್ ಸ್ಕೂಟರಿಗೆ ಬೇಕು. 2025ರ ಏಪ್ರಿಲಿನಲ್ಲಿ ಚೀನಾ ದೇಶವು ಡಿಸ್ಪ್ರೋಸಿಯಮ್ ಸೇರಿದಂತೆ ಏಳು ಧಾತುಗಳ ರಫ್ತಿಗೆ ನಿರ್ಬಂಧ ಹಾಕಿದಾಗ ನಮ್ಮ ವಾಹನ ತಯಾರಕರು ಚಿಂತೆಗೀಡಾದರು. ಕೇರಳದ ಕಡಲತೀರದ ಮಾನಜೈಟ್ ಮರಳಿನಲ್ಲಿ ನಿಯೋಡೈಮಿಯಮ್ ಇದೆ. ಡಿಸ್ಪ್ರೋಸಿಯಮ್ ಮಾತ್ರ ತೀರ ಅಲ್ಪ. ಬಿಸಿಯಾದ ಮೋಟಾರಿನಲ್ಲೂ ಆಯಸ್ಕಾಂತ ತನ್ನ ದಿಕ್ಕು ಬಿಡದಿರಲು ಬೇಕಾದದ್ದು ಆ ಅಲ್ಪವೇ. ಅದನ್ನು ಲೋಹದ ತುಂಬ ಬೆರೆಸದೆ, ಕಣಗಳ ಅಂಚಿಗೆ ಮಾತ್ರ ಇಳಿಸಿ ಮಿತವ್ಯಯ ಮಾಡುವ ವಿಧಾನ ಈಗ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿದೆ.