ಎರಡು ವಿಸ್ತರಣಗಳಲ್ಲಿ ಮೊದಲು ಯಾವುದು?

ಯಾವ ಕೆಲಸವನ್ನು ಮಾಡಬೇಕು ಎಂಬುದು ಒಂದು ಪ್ರಶ್ನೆ. ಯಾವುದನ್ನು ಮೊದಲು ಮಾಡಬೇಕು ಎಂಬುದು ಇನ್ನೊಂದು. ಮನೆ ಕಟ್ಟುವವನು ಅಡಿಪಾಯಕ್ಕೆ ಮುಂಚೆ ಛಾವಣಿ ಹಾಕಲಾರ. ಆದರೆ ಬಾಗಿಲಿಗೆ ಮೊದಲು ಬಣ್ಣ ಬಳಿಯಬೇಕೋ ಕಿಟಕಿಗೆ ಮೊದಲು ಬಳಿಯಬೇಕೋ ಎಂಬುದು ಅವನ ಇಷ್ಟಕ್ಕೆ ಸೇರಿದ್ದು. ಮೊದಲನೆಯ ಕಡೆ ಕ್ರಮವನ್ನು ಕೆಲಸವೇ ವಿಧಿಸುತ್ತದೆ. ಎರಡನೆಯ ಕಡೆ ವಿಧಿಸುವುದಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡಿದೊಡನೆ ಎಷ್ಟೋ ಗೊಂದಲಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇಂದಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಗಣಕಯಂತ್ರದ ಆಟವೊಂದರಿಂದಲೇ ಇದಕ್ಕೆ ನಿದರ್ಶನ ಕೊಡಬಹುದು.

ಮೈಸೂರಿನ ಕುವೆಂಪುನಗರದಿಂದ ಚಾಮುಂಡಿಬೆಟ್ಟಕ್ಕೆ ಹೊರಟವನಿಗೆ ಒಂದೇ ದಾರಿಯೆಂಬುದಿಲ್ಲ. ನೇರವಾಗಿ ಹೋಗಬಹುದು, ಪೇಟೆಯನ್ನು ಸುತ್ತಿಕೊಂಡು ಹೋಗಬಹುದು, ನಡುವೆ ಮನಸ್ಸು ಬದಲಿಸಿ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಕುಳಿತೂ ಬಿಡಬಹುದು. ಇಂಥದೇ ಸ್ವಾತಂತ್ರ್ಯವನ್ನು ಆಟಗಾರನಿಗೆ ಕೊಡುವ ಆಟಗಳಿಗೆ ‘ಓಪನ್ ವರ್ಲ್ಡ್’ ಆಟಗಳೆಂದು ಹೆಸರು. ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು, ವಿಶಾಲವಾದ ಕಲ್ಪಿತ ದೇಶದಲ್ಲಿ ತನಗೆ ತೋಚಿದ ಕಡೆ ಸಂಚರಿಸುತ್ತಾನೆ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರ ಮೇ 19ರಂದು ಹೊರತಂದ ‘ದಿ ವಿಚರ್ 3’ ಈ ಬಗೆಯದು. ಆಂದ್ಜೇ ಸಪ್ಕೋವ್‌ಸ್ಕಿ ಎಂಬ ಪೋಲಿಷ್ ಲೇಖಕರ ಕಥೆಗಳೇ ಇದಕ್ಕೆ ಆಧಾರ. ಹಣ ಪಡೆದು ರಾಕ್ಷಸಜಂತುಗಳನ್ನು ಬೇಟೆಯಾಡುವ ಗೆರಾಲ್ಟನೇ ನಾಯಕ. ಯೂರೋಪಿನಲ್ಲಿ ಇದನ್ನು 18 ವರ್ಷ ತುಂಬಿದವರಿಗೆ ತಕ್ಕ ಆಟವೆಂದು ವರ್ಗೀಕರಿಸಿದ್ದಾರೆ; ಪ್ರೌಢಶಾಲೆಯ ವಾಚಕರು ಇಲ್ಲಿಯ ತರ್ಕವನ್ನಷ್ಟೆ ತೆಗೆದುಕೊಂಡರೆ ಸಾಕು.

ಮೂಲ ಆಟ ಪ್ರಕಟವಾದ ಮೇಲೆ ಅದಕ್ಕೆ ಸೇರಿಸುವ ಹೊಸ ಭಾಗವೇ ವಿಸ್ತರಣ. ಈ ಆಟಕ್ಕೆ ಮೊದಲು ಬಂದ ಎರಡು ವಿಸ್ತರಣಗಳು 2015ರ ಅಕ್ಟೋಬರ್ 13ರ ‘ಹಾರ್ಟ್ಸ್ ಆಫ್ ಸ್ಟೋನ್’ ಮತ್ತು 2016ರ ಮೇ 31ರ ‘ಬ್ಲಡ್ ಅಂಡ್ ವೈನ್’. ಬೆಳೆಯುತ್ತ ಹೋಗುವ ಆಟವೆಂಬುದು ಮೈಸೂರಿಗೆ ಹೊಸದೇನೂ ಅಲ್ಲ. 120 ಎಲೆಗಳ ದಶಾವತಾರದ ಗಂಜೀಫ ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದಾಗ, ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅದಕ್ಕಿಂತ ಜಟಿಲವಾದ ಆಟಗಳನ್ನು ಕಲ್ಪಿಸಿದರು; ಅವುಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆಗಳು ಬೇಕಾಗಿದ್ದವು. ದೊಡ್ಡದಕ್ಕೆ ಕೈಹಾಕುವ ಮುನ್ನ ಚಿಕ್ಕದನ್ನು ಕಲಿಯಬೇಕೆ ಎಂಬ ಪ್ರಶ್ನೆ ಅಂದಿನವರಿಗೂ ಎದುರಾಗಿರಬೇಕು.

ಈಗ ಲೆಕ್ಕಕ್ಕೆ ಬರೋಣ. ಮೂಲಕಥೆ, ಮೊದಲನೆಯ ವಿಸ್ತರಣ, ಎರಡನೆಯ ವಿಸ್ತರಣ – ಹೀಗೆ ನಮ್ಮ ಮುಂದೆ ಮೂರು ಕೆಲಸಗಳಿವೆ. ಮೂರು ವಸ್ತುಗಳನ್ನು ಸಾಲಾಗಿ ಇಡುವ ಕ್ರಮಗಳು 3×2×1, ಅಂದರೆ ಆರು. ಇವುಗಳಲ್ಲಿ ಸಲ್ಲದವನ್ನು ಒಂದೊಂದಾಗಿ ತೆಗೆದುಹಾಕೋಣ.

ಮೊದಲು ಕಥೆಯನ್ನು ನೋಡೋಣ. ‘ಬ್ಲಡ್ ಅಂಡ್ ವೈನ್’ ನಡೆಯುವುದು ತೂಸಾನ್ ಎಂಬ ಹೊಸ ದ್ರಾಕ್ಷಿನಾಡಿನಲ್ಲಿ, ಮೂಲಕಥೆ ಮುಗಿದ ಮೇಲೆ. ಕೊನೆಗೆ ಗೆರಾಲ್ಟನ ಮನೆಗೆ ಬರುವ ಅತಿಥಿ ಯಾರೆಂಬುದು, ಮೂಲಕಥೆಯಲ್ಲಿ ನಾವು ಮಾಡಿದ ಆಯ್ಕೆಗಳನ್ನು ಅವಲಂಬಿಸಿದೆ. ಆದ್ದರಿಂದ ಮೂಲಕಥೆ ಇದಕ್ಕಿಂತ ಮುಂಚೆ ಬರತಕ್ಕದ್ದು. ಈ ಒಂದು ನಿಬಂಧನೆಯಿಂದಲೇ ಆರು ಕ್ರಮಗಳಲ್ಲಿ ಮೂರು ಬಿದ್ದುಹೋಗುತ್ತವೆ. ‘ಹಾರ್ಟ್ಸ್ ಆಫ್ ಸ್ಟೋನ್’ ಹಾಗಲ್ಲ. ಅದರ ಕಥೆ ಬಹುಮಟ್ಟಿಗೆ ಹಳೆಯ ಭೂಪಟದಲ್ಲಿಯೇ ನಡೆಯುತ್ತದೆ. ಮೂಲಕಥೆಯ ನಡುವೆ ಅದನ್ನು ಆಡಿದರೂ ಎಳೆ ಕಡಿಯುವುದಿಲ್ಲ.

ಎರಡನೆಯದು ಬಲದ ಮಾತು. ಅನುಭವದ ಅಂಕಗಳು ಕೂಡಿದಂತೆಲ್ಲ ನಾಯಕನ ‘ಲೆವೆಲ್’ ಏರುತ್ತದೆ. ಮೊದಲನೆಯ ವಿಸ್ತರಣ 32ನೆಯ ಲೆವೆಲಿಗೂ ಎರಡನೆಯದು 34ನೆಯದಕ್ಕೂ ಹೊಂದುವಂತೆ ಆರಂಭವಾಗುತ್ತವೆ. ನಮಗಿಂತ ಆರು ಅಥವಾ ಹೆಚ್ಚು ಲೆವೆಲ್ ಮೇಲಿರುವ ಶತ್ರುವಿನ ತಲೆಯ ಬಳಿ ತಲೆಬುರುಡೆಯ ಗುರುತು ಮೂಡುತ್ತದೆ. ಅವನ ಏಟು ಬಹಳ ಗಡುಸು. ಇದಕ್ಕೆ ಪ್ರತಿಯಾಗಿ, ಕೈಗೊಂಡ ಕಾರ್ಯ ನಮಗಿಂತ ಆರು ಲೆವೆಲ್ ಕೆಳಗಿದ್ದರೆ ಅದರಿಂದ ದೊರೆಯುವ ಅಂಕಗಳು ತೀರ ಕುಗ್ಗುತ್ತವೆ. ಎರಡನೆಯ ವಿಸ್ತರಣವನ್ನು ಮೊದಲು ಮುಗಿಸಿ 42ನ್ನು ಮುಟ್ಟಿದವನು 32ರ ಕಾರ್ಯಕ್ಕೆ ಹಿಂದಿರುಗಿದನೆನ್ನೋಣ. ಅಂತರ ಹತ್ತು, ಗೆಲುವು ಸುಲಭ, ಗಳಿಕೆ ಅಲ್ಪ. 32ರಿಂದ ತೊಡಗಿ 34ರ ಕಡೆಗೆ ನಡೆದವನಿಗೆ ಈ ನಷ್ಟವಿಲ್ಲ. ಅಲ್ಲದೆ ಮೊದಲನೆಯ ವಿಸ್ತರಣದಲ್ಲಿ ಆಯುಧಗಳಿಗೆ ಮಂತ್ರಾಕ್ಷರ ಕೆತ್ತುವ ಕುಶಲಿಯೊಬ್ಬನಿದ್ದಾನೆ. ಅವನ ವಿದ್ಯೆ ಪೂರ್ತಿ ಕೈಗೂಡಲು 5,000, 10,000, 15,000 – ಒಟ್ಟು 30,000 ನಾಣ್ಯಗಳನ್ನು ತೆರಬೇಕು. ಇಷ್ಟು ತೆತ್ತು ಪಡೆದ ಶಕ್ತಿ ಮುಂದೆ ಉಪಯೋಗಕ್ಕೆ ಬಂದರೆ ತಾನೆ ಲಾಭ?

ಇದಕ್ಕೆ ಪ್ರತಿವಾದವೂ ಉಂಟು. ಗೆರಾಲ್ಟನ ದೇಹಕ್ಕೆ ಹೊಸ ಶಕ್ತಿಗಳನ್ನು ಕೊಡುವ ‘ಮ್ಯುಟೇಷನ್’ಗಳು ಎರಡನೆಯ ವಿಸ್ತರಣದಲ್ಲಿವೆ, ಅವನ್ನು ಮೊದಲೇ ಪಡೆಯುವ ಆಸೆ ಸಹಜ. ಆದರೆ 2016ರಲ್ಲಿ ನಿರ್ಮಾಪಕರು ಈ ಭಾಗವನ್ನು ಗೆರಾಲ್ಟನ ಬೀಳ್ಕೊಡುಗೆಯಾಗಿಯೇ ರಚಿಸಿದರು. ಬೀಳ್ಕೊಟ್ಟ ಮೇಲೆ ಮತ್ತೆ ಹಳೆಯ ಊರಿಗೆ ಕರೆತರುವುದು ರಸಭಂಗ. ಹೀಗೆ ಮೊದಲನೆಯ ವಿಸ್ತರಣ ಎರಡನೆಯದಕ್ಕಿಂತ ಮುಂಚೆ ಎಂದು ಒಪ್ಪಿದರೆ ಎರಡೇ ಕ್ರಮಗಳು ಉಳಿಯುತ್ತವೆ: ಮೂಲಕಥೆಯ ನಂತರ ಎರಡೂ ವಿಸ್ತರಣಗಳು, ಇಲ್ಲವೆ ಮೊದಲನೆಯದನ್ನು ಮೂಲಕಥೆ ಮುಗಿಯುವ ಮುಂಚೆ ಆಡಿಬಿಡುವುದು. ಇವೆರಡರ ನಡುವೆ ಆಯ್ಕೆ ಇಷ್ಟದ್ದು.

ಯಾವುದಕ್ಕೂ ಮುಂಚೆ ಬೇರೊಂದು ಬೇಕಿಲ್ಲವೋ ಅದನ್ನು ಮೊದಲು ಆರಿಸು. ಅದನ್ನು ಪಟ್ಟಿಯಿಂದ ಅಳಿಸಿ, ಉಳಿದವುಗಳಲ್ಲಿ ಮತ್ತೆ ಹಾಗೆಯೇ ಆರಿಸು – ಈ ವಿಧಾನವನ್ನು 1962ರಲ್ಲಿ ಆರ್ಥರ್ ಕಾನ್ ಎಂಬವರು ಗಣಕಯಂತ್ರಗಳಿಗಾಗಿ ನಿರೂಪಿಸಿದರು. ಹತ್ತು ಕೆಲಸಗಳಾದರೆ ಕ್ರಮಗಳು 36,28,800. ಅಷ್ಟನ್ನೂ ಪರೀಕ್ಷಿಸುವುದು ಯಾರಿಗೂ ಬೇಡದ ಶ್ರಮ. ಈ ವಿಧಾನ ಕೆಲವೇ ಹೆಜ್ಜೆಗಳಲ್ಲಿ ಸಲ್ಲುವ ಕ್ರಮವೊಂದನ್ನು ಕೊಡುತ್ತದೆ.

ಕೊನೆಯದು ಕಾಲ. ನಿರ್ಮಾಪಕರ ಅಂದಾಜಿನಂತೆ ಮೊದಲನೆಯ ವಿಸ್ತರಣಕ್ಕೆ ಸುಮಾರು 10 ಗಂಟೆ, ಎರಡನೆಯದಕ್ಕೆ ಸುಮಾರು 20 ಗಂಟೆ. ಕುವೆಂಪುನಗರದ ಕಾಲೇಜು ವಿದ್ಯಾರ್ಥಿಯೊಬ್ಬನು ಮೂಲಕಥೆ ಮುಗಿಸಿ, ರಜೆಯಲ್ಲಿ ದಿನಕ್ಕೆ ಎರಡು ಗಂಟೆ ಮಾತ್ರ ಆಡುವನೆಂದರೆ ಎರಡೂ ಸೇರಿ 15 ದಿನ ಬೇಕು. ರಜೆ ಒಂದೇ ವಾರ ಉಳಿದಿದ್ದರೆ ಅವನಿಗೆ ದೊರೆಯುವುದು 14 ಗಂಟೆ. ಅಷ್ಟರಲ್ಲಿ ಮೊದಲನೆಯದು ಮುಗಿಯುತ್ತದೆ. ಎರಡನೆಯದನ್ನು ಹಿಡಿದರೆ ಅರ್ಧದಲ್ಲಿ ನಿಲ್ಲುತ್ತದೆ, ಇಲ್ಲವೆ ನಿದ್ದೆಯನ್ನೂ ಓದನ್ನೂ ನುಂಗುತ್ತದೆ. ಕಥೆಯ ವಿಚಾರ, ಲೆವೆಲಿನ ವಿಚಾರ, ಕಾಲದ ವಿಚಾರ – ಮೂರೂ ಇಲ್ಲಿ ಒಂದೇ ಉತ್ತರವನ್ನು ಹೇಳುತ್ತವೆ. ಅವು ಒಂದಕ್ಕೊಂದು ವಿರುದ್ಧವಾಗಿದ್ದರೆ ಯಾವುದಕ್ಕೆ ಮಣಿಯಬೇಕು ಎಂಬುದನ್ನು ಯಾವ ಸೂತ್ರವೂ ತಿಳಿಸದು. ಅದನ್ನು ಆಡುವವನೇ ತೂಗಿ ನೋಡಬೇಕು.